ಲಲ್ಲಾ ಬತೂಲಳ ಮೂಲೆ

ನಮ್ಮ ಹಮ್ಮಾಮಿನ, ಅಂದರೆ ಓಣಿಯವರೆಲ್ಲ ಬರುವ ಬಿಸಿನೀರಿನ ಸ್ನಾನದ ಮನೆಯ, ಗೋಡೆಗಳಿಗೆ ಬಾಯಿಲ್ಲ, ಅದಕ್ಕೇ ದೇವರು ನನಗೆ ಕೊಟ್ಟಿದ್ದಾನೆ. ಮರ್ರಾಕೇಶದ ಬಾಬ್ ದುಕ್ಕಾಲ ಕೇರಿಯ ಹೆಂಗಸರ ಬೆನ್ನು ತಿಕ್ಕಿ ತಿಕ್ಕಿಯೇ ನನ್ನ ತಲೆ ನೆರೆಯಿತು. ಯಾರ ಮನೆಯಲ್ಲಿ ಜಗಳವಾಯಿತು, ಯಾವ ಅತ್ತೆ ಸೊಸೆಯ ತಟ್ಟೆಗೆ ಬರೀ ಮೂಳೆ ಹಾಕುತ್ತಾಳೆ, ಎಲ್ಲವೂ ನನಗೆ ಗೊತ್ತು. ಬೆನ್ನು ತಿಕ್ಕಿಸಿಕೊಳ್ಳುವಾಗ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದರೆ ನಾನು ಇನ್ನೊಂದಿಷ್ಟು ಗಟ್ಟಿಯಾಗಿ ತಿಕ್ಕುತ್ತೇನೆ. ಆದರೆ ಒಬ್ಬಳ ಗುಟ್ಟು ಇನ್ನೊಬ್ಬಳ ಕಿವಿಗೆ ಹಾಕಿದವಳಲ್ಲ ಈ ಖದ್ದೂಜ್. ಹಾಗೆ ಹಾಕಿದ್ದರೆ ನಮ್ಮ ಓಣಿಯಲ್ಲಿ ಅರ್ಧದಷ್ಟು ಸಂಸಾರಗಳು ಉಳಿಯುತ್ತಿರಲಿಲ್ಲ.

ಹಮ್ಮಾಮಿನ ಒಡತಿ ಲಲ್ಲಾ ಬತೂಲ್. ಲಲ್ಲಾ ಅಂದರೆ ನಮ್ಮಲ್ಲಿ ಅಮ್ಮಾವ್ರು. ಗಂಡ ತೀರಿಕೊಂಡ ಮೇಲೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, ಒಲೆಯವನನ್ನು, ನೀರಿನವನನ್ನು, ನನ್ನನ್ನು, ಬಂದವರನ್ನು, ಬಾರದವರನ್ನು ಎಲ್ಲರನ್ನೂ ಬೈದುಕೊಂಡು ಈ ಹಮ್ಮಾಮನ್ನು ನಡೆಸಿದವಳು ಅವಳೇ. ಒಳ್ಳೆಯ ಹೆಂಗಸು. ಆದರೆ ತಲೆಗೂದಲ ವಿಷಯಕ್ಕೆ ಬಂದರೆ ಮಾತ್ರ ಅವಳನ್ನು ಹಿಡಿಯುವವರಿಲ್ಲ. ಅರವತ್ತು ದಾಟಿದರೂ ಸೊಂಟದವರೆಗೆ ಇಳಿಬಿದ್ದ ಕೂದಲು, ಮಿರಿಮಿರಿ ಮಿಂಚುತ್ತಿತ್ತು. "ಏನ್ ಹಚ್ತೀಯಾ ಲಲ್ಲಾ?" ಅಂತ ಯಾರಾದರೂ ಕೇಳಿದರೆ, "ಏನೂ ಇಲ್ಲ ಕಣ್ರೇ. ನೀರು, ಸಾಬೂನು, ಮತ್ತೆ ದೇವರು ಕೊಟ್ಟಿದ್ದು" ಅನ್ನುತ್ತಿದ್ದಳು. ಅವಳು ಚೀಲದಲ್ಲಿ ತರುತ್ತಿದ್ದ ಪನ್ನೀರಿನ ಬಾಟಲಿಯಲ್ಲಿ ನಿಜಕ್ಕೂ ಏನಿದೆ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೆ. ಅದು ಪನ್ನೀರಲ್ಲ. ಕಹಿಕಿತ್ತಳೆಯಿಂದ ಅವಳೇ ಮನೆಯಲ್ಲಿ ಹುದುಗಿಸಿದ ವಿನೆಗರ್. ಪ್ರತಿ ಗುರುವಾರ ಬಿಸಿಕೋಣೆಯಲ್ಲಿ ನೀರಿನ ತೊಟ್ಟಿಯ ಪಕ್ಕದ ಮೂಲೆಯಲ್ಲಿ ಅವಳು ಗೋಡೆಗೆ ಒರಗಿ ಕೂರುವುದು, ನಾನು ಕೂದಲ ಮೇಲೆ ಅದನ್ನು ಸುರಿಯುವುದು, ನಡೆದುಕೊಂಡು ಬಂದಿದ್ದು.

ಅವಳಿಗೆ ಒಬ್ಬಳೇ ಮಗಳು, ಸುಕೈನಾ. ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಈ ಸುಕೈನಾ ಮನಸ್ಸು ಕೊಟ್ಟಿದ್ದು ಗಾರೆ ಮೇಸ್ತ್ರಿ ಇದ್ದರ್‌ಗೆ. ಇದ್ದರ್ ಬೆಟ್ಟದ ಕಡೆಯ ಅಮಝೀಗ್ ಬುಡಕಟ್ಟಿನ ಹುಡುಗ, ಮಾತು ಕಡಿಮೆ, ನಗು ಜಾಸ್ತಿ. ಅವನ ತಾಯಿ ಹೆಣ್ಣು ಕೇಳಲು ಬಂದಾಗ ಬತೂಲಳ ಮುಖ ನೋಡಬೇಕಿತ್ತು!

"ಓದಿಸಿ ಬರೆಸಿ ಸುಣ್ಣ ಕಲಸೋನಿಗೆ ಕೊಡ್ಲಾ? ಅವನ ಉಗುರು ನೋಡಿದ್ದೀಯೇನೇ ಖದ್ದೂಜ್?"

"ನಿನ್ನ ಯಜಮಾನ್ರ ಉಗುರಲ್ಲಿ ಒಲೆ ಮಸಿ ಇತ್ತಲ್ಲ ಲಲ್ಲಾ. ಅದನ್ನ ನೋಡ್ಕೊಂಡೇ ಬಂದೆ ನೀನು" ಅಂದೆ.

ಆ ದಿನ ನನಗೆ ಚಹಾ ಸಿಗಲಿಲ್ಲ. ಆದರೆ ಮಗಳು ಊಟ ಬಿಟ್ಟಳು, ಮಾತು ಬಿಟ್ಟಳು. ಅದನ್ನು ನೋಡಲಾರದೆ ಬತೂಲ್ ಒಂದು ಗುರುವಾರ ಹಮ್ಮಾಮಿನಲ್ಲಿ ತುಂಬಿದ್ದ ಹೆಂಗಸರ ನಡುವೆ ಎದ್ದು ನಿಂತು ಸಾರಿಬಿಟ್ಟಳು: "ಕೇಳಿ ಎಲ್ರೂ! ಬಿಸಿಕೋಣೆ ಗೋಡೆ ಹಳೇದಾಗಿ ನೀರು ಕುಡೀತಿದೆ. ಆ ಹುಡುಗ ಅದಕ್ಕೆ ಹೊಸ ಗಾರೆ ಮಾಡ್ಲಿ. ಚಳಿಗಾಲ ಕಳೆದು, ರಮದಾನಿಗೆ ಮುಂಚಿನ ಶಾಬಾನ್ ತಿಂಗಳು ಮುಗಿಯೋ ಹೊತ್ತಿಗೆ ಗೋಡೆ ಗೋಡೆಯಾಗೇ ಇದ್ರೆ ನಾನೇ ನಿಶ್ಚಯದ ಫಾತಿಹಾ ಓದಿಸ್ತೀನಿ. ಕೆಟ್ರೆ ಸಫೀ ಊರಿನ ನನ್ನ ಅಕ್ಕನ ಮಗನಿಗೆ ಮಾತು ಕೊಡ್ತೀನಿ. ಆಮೇಲೆ ಯಾರೂ ಅಳಕೂಡ್ದು!"

ಅಷ್ಟು ಜನರೆದುರು ಆಡಿದ ಮಾತು. ಸುಕೈನಾ ಒಪ್ಪಿದಳು. ಸಫೀ ಊರಿನ ಆ ಮಹಾನುಭಾವನನ್ನು ನಾನು ನೋಡಿದ್ದೆ. ಫ್ರಿಜ್ಜು ಮಾರುತ್ತಿದ್ದ, ಮಾತೂ ಅಷ್ಟೇ ತಣ್ಣಗೆ.

ಇದ್ದರ್ ಕೆಲಸ ಶುರುಮಾಡಿದ. ನಮ್ಮ ಮರ್ರಾಕೇಶದ ತದಲಾಕ್ತ್ ಗಾರೆ ಅಂದರೆ ಮೆತ್ತಿ ಹೋಗಿಬಿಡುವುದಲ್ಲ. ಸುಣ್ಣವನ್ನು ನೀರಲ್ಲಿ ಕೊಳೆಹಾಕಬೇಕು, ಕೆಮ್ಮಣ್ಣು ಬೆರೆಸಬೇಕು, ಗೋಡೆಗೆ ಮೆತ್ತಿ ನದಿಯ ನುಣುಪು ಕಲ್ಲಿನಿಂದ ಅಂಗೈಯಷ್ಟಗಲ ಅಂಗೈಯಷ್ಟಗಲ ಉಜ್ಜಬೇಕು, ಹಸಿ ಆರುವ ಮುಂಚೆ ಆಲಿವ್ ಎಣ್ಣೆಯ ಕಪ್ಪು ಸಾಬೂನು ತಿಕ್ಕಬೇಕು. ಸುಕೈನಾ ಶಾಲೆ ಮುಗಿಸಿ "ಕೆಲಸ ನೋಡೋಕೆ" ಬರುತ್ತಿದ್ದಳು. ಜೊತೆಗೆ ನಾನು, ಕಾವಲಿಗೆ. ಒಂದು ದಿನ ಅವಳು ಗೋಡೆ ಮುಟ್ಟಿ ಹೇಳಿದಳು, "ಸಾಬೂನಿನ ಎಣ್ಣೆಯಂಶ ಹೋಗಿ ಸುಣ್ಣನ ಹಿಡ್ಕೊಳ್ಳತ್ತೆ. ಎರಡೂ ಕೂಡಿ ನೀರಿಗೆ ಕರಗದ ಹೊಸ ಪದಾರ್ಥವೇ ಆಗ್ಬಿಡತ್ತೆ. ಅದಕ್ಕೇ ಈ ಗೋಡೆ ನೀರು ಕುಡಿಯಲ್ಲ."

"ನಂಗೆ ಅಷ್ಟೆಲ್ಲ ಗೊತ್ತಿಲ್ಲ. ಎರಡೂ ಒಪ್ಕೊಂಡ್ರೆ ಬಿಡಿಸೋಕಾಗಲ್ಲ ಅಂತ ಗೊತ್ತು" ಅಂದ ಇದ್ದರ್, ಕಲ್ಲಿನ ಮೇಲಿಂದ ಕಣ್ಣೆತ್ತದೆ. ಸುಕೈನಾಳ ಮುಖ ಗೋಡೆಗಿಂತ ಕೆಂಪಾಯಿತು. ಕಾವಲಿನವಳು ಕೆಮ್ಮಬೇಕಾಯಿತು.

ಗೋಡೆ ಮುಗಿದಾಗ ಅದರಲ್ಲಿ ಮುಖ ನೋಡಿಕೊಂಡು ಹೆಂಗಸರು ಕಾಡಿಗೆ ತೀಡಿಕೊಂಡರು. ಆಚೆ ಗಂಡಸರ ಕಡೆಯ ಕೋಣೆಗೂ ಅದೇ ಸುಣ್ಣ, ಅದೇ ಕೈ, ಅದೇ ಹೊಳಪು. ಬತೂಲ್ ಸುತ್ತಲೂ ನೋಡಿ, ತಪ್ಪು ಸಿಗದೆ, "ಬಣ್ಣ ಸ್ವಲ್ಪ ಗಾಢ ಆಯ್ತು" ಅಂದಳು.

ಚಳಿಗಾಲ ಅರ್ಧ ಕಳೆದಿರಲಿಲ್ಲ, ಗೋಡೆಗೆ ಸಿಡುಬೆದ್ದಿತು. ಕೆಂಪು ಗೋಡೆಯ ಮೇಲೆ ಬಿಳಿಚಿದ ಕಲೆಗಳು, ಮುಟ್ಟಿದರೆ ಒರಟು, ಉಜ್ಜಿದರೆ ಪುಡಿ. ಕೂತವರ ಭುಜದೆತ್ತರದಿಂದ ಕೆಳಗೆ ಅಲ್ಲೊಂದು ಇಲ್ಲೊಂದು. ತೊಟ್ಟಿ ಪಕ್ಕದ ಮೂಲೆಯಲ್ಲಂತೂ ಮೇಲಿಂದ ಕೆಳಗಿನವರೆಗೆ ಹುಳು ತಿಂದಂತೆ ಗುಳಿಗಳು. ಇದ್ದರ್ ಬಂದು ತೇಪೆ ಹಾಕಿದ. ವಾರ ಕಳೆಯುವುದರಲ್ಲಿ ತೇಪೆಯೂ ಎದ್ದಿತು.

"ನೋಡಿದ್ರಾ? ಕಳ್ಳ ಸುಣ್ಣ! ಕಲಬೆರಕೆ!" ಅಂದಳು ಬತೂಲ್.

"ಅದೇ ಸುಣ್ಣ ಗಂಡಸ್ರ ಕಡೆ ಕನ್ನಡಿ ಹಾಗಿದೆಯಲ್ಲ ಲಲ್ಲಾ" ಅಂದ ಇದ್ದರ್ ಮೆಲ್ಲಗೆ.

"ಗಂಡಸರೇನು ಸ್ನಾನ ಮಾಡ್ತಾರಾ? ಮೈಗೆ ನೀರು ತೋರಿಸ್ಕೊಂಡು ಹೋಗ್ತಾರೆ. ಗೋಡೆಗೆ ಏನು ಕಷ್ಟ ಅಲ್ಲಿ?"

ಇದ್ದರ್ ಕರಣೆ ಎತ್ತಿಕೊಂಡು ಹೋದ. ಕಣ್ಣು ಬಿದ್ದಿದೆ ಅಂತ ನಾನು ಹರ್ಮಲ್ ಬೀಜದ ಹೊಗೆ ಹಾಕಿದೆ. ಕೆಮ್ಮು ಬಂತೇ ಹೊರತು ಕಲೆ ಹೋಗಲಿಲ್ಲ. ಬತೂಲ್ ಆಗಲೇ ಸಫೀ ಊರಿಗೆ ಫೋನು ಹಚ್ಚಿ ಅಕ್ಕನ ಹತ್ತಿರ ಕ್ಷೇಮ ವಿಚಾರಿಸತೊಡಗಿದ್ದಳು. ವರ್ಷಗಟ್ಟಲೆ ಮಾತಿಲ್ಲದ ಅಕ್ಕ! ನನಗೆ ಮೈಯೆಲ್ಲ ಉರಿಯಿತು.

ಒಂದು ಗುರುವಾರ ಸುಕೈನಾಳ ಬೆನ್ನು ತಿಕ್ಕುತ್ತಿದ್ದೆ. ಅವಳ ಕಣ್ಣು ಬೆನ್ನಿನ ಮೇಲೂ ಇಲ್ಲ, ನನ್ನ ಮಾತಿನ ಮೇಲೂ ಇಲ್ಲ. ಎದುರಿಗೆ ಕೂತ ಬಡಗಿಯ ಹೆಂಡತಿ, ಇತ್ತೋ ಅಂತ ಅವಳ ಹೆಸರು, ಅರ್ಧ ನಿಂಬೆಹಣ್ಣು ಹಿಡಿದು ಹಿಮ್ಮಡಿ ಉಜ್ಜುತ್ತಿದ್ದಳು. ಹೆಂಗಸರೆಂದ ಮೇಲೆ ಹಮ್ಮಾಮಿಗೆ ನಿಂಬೆಹಣ್ಣಿಲ್ಲದೆ ಬರುವುದುಂಟೇ? ಹಿಮ್ಮಡಿಗೆ ನಿಂಬೆ, ಮೊಣಕೈಗೆ ನಿಂಬೆ, ಗೋರಂಟಿಯ ಬಣ್ಣ ಬಿಡಲು ನಿಂಬೆ. ಇತ್ತೋ ಸಿಪ್ಪೆಯನ್ನು ಗೋಡೆಗೆ ಎಸೆದು ಬಿಂದಿಗೆ ಎತ್ತಿದಳು.

"ಖಾಲಾ, ನಿಲ್ಲು" ಅಂದಳು ಸುಕೈನಾ. ಎದ್ದು ಹೋಗಿ ಆ ಸಿಪ್ಪೆಯನ್ನು ಎತ್ತಿ, ಒಂದು ಪುಡಿ ಎದ್ದ ಕಲೆಯ ಮೇಲೆ ಹಿಂಡಿದಳು. ನನ್ನನ್ನೂ ಕರೆದಳು. ಕಿವಿ ಹತ್ತಿರ ತಂದರೆ ಸಣ್ಣಗೆ ಸುಂಯ್ ಅನ್ನುತ್ತಿತ್ತು. ಪುಟ್ಟ ಪುಟ್ಟ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು.

"ಅಯ್ಯೋ, ಗೋಡೆ ಉಸಿರಾಡ್ತಿದೆ!"

"ಉಸಿರೇ ಖಾಲಾ. ಈ ಗಾರೆ ಆರಿ ಗಟ್ಟಿಯಾಗುವಾಗ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಕುಡಿದಿರತ್ತೆ. ಹುಳಿ ಬಿದ್ರೆ ಅದನ್ನ ಕಕ್ಕಿಬಿಡತ್ತೆ. ಗಟ್ಟಿ ಸುಣ್ಣ ಕರಗಿ ನೀರಲ್ಲಿ ಹೋಗತ್ತೆ. ಮೇಲಿನ ಸಾಬೂನಿನ ಪೊರೆಯನ್ನೂ ಹುಳಿ ಬಿಡಲ್ಲ. ಶಾಲೆಯಲ್ಲಿ ದಿನಾ ಇದನ್ನೇ ಕಲಿಸ್ತೀನಿ, ಆಮ್ಲ ಅಂತ, ಕ್ಷಾರ ಅಂತ. ಇಲ್ಲಿ ಕೂತು ನಾನೂ ನಿಂಬೆ ಉಜ್ಜಿಕೊಂಡಿದ್ದೀನಲ್ಲ, ಹೊಳೀಲೇ ಇಲ್ಲ ನೋಡು!"

ನಕ್ಕಳು. ಆಮೇಲೆ ಅವಳ ನಗು ನಿಂತಿತು. ತಾಯಿಯ ಮೂಲೆಯತ್ತ ತಿರುಗಿದಳು. ಅಲ್ಲಿ ಇನ್ನೊಬ್ಬರು ಕೂರುವಂತಿಲ್ಲ, ಅಲ್ಲಿಗೆ ನಿಂಬೆ ಬರುವುದಿಲ್ಲ, ಆದರೂ ಗುಳಿಗಳು ಹೆಚ್ಚು ಅಲ್ಲೇ.

"ಅಮ್ಮನ ಕೂದಲಿಗೆ ಏನು ಹಾಕ್ತೀಯಾ ಖಾಲಾ?"

"ನೀರು."

"ಖಾಲಾ."

"ನನ್ನ ನಾಲಿಗೆ ಕತ್ತರಿಸಿದ್ರೂ ಹೇಳಲ್ಲ ಕಣೆ" ಅಂದೆ. ಅವಳು ಮೂಲೆಗೆ ಹೋಗಿ ಗೋಡೆಯನ್ನು ಮೂಸಿದಳು. ಹಳೆಯ ಉಪ್ಪಿನಕಾಯಿ ಜಾಡಿಯ ವಾಸನೆ ಹೊಡೆದಿರಬೇಕು. ಹಣೆ ಚಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗಾಗಿತ್ತು ಕಥೆ. ಪಾಪ, ಕೋತಿಗೆ ತಾನು ಮೊಸರು ತಿಂದದ್ದೇ ಗೊತ್ತಿರಲಿಲ್ಲ.

ಮರುದಿನ ಒಲೆಮನೆಯ ಹತ್ತಿರ ಇದ್ದರ್‌ನನ್ನು ಹಿಡಿದು ಸುಕೈನಾ ಎಲ್ಲ ಹೇಳಿದಳು, ನಾನು ಪಕ್ಕದಲ್ಲಿದ್ದೆ. ಅವನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. ಆಮೇಲೆ ಸುಕೈನಾ, "ಈ ಗುರುವಾರ ಎಲ್ಲರೆದುರು ಆ ಬಾಟಲಿ ಕಿತ್ಕೊಂಡು ಮುಚ್ಚಳ ತೆಗೀತೀನಿ. ಮುಗೀತು" ಅಂದಾಗ ಅವನ ನಗು ಇಳಿಯಿತು.

"ಬೇಡ."

"ಯಾಕೆ ಬೇಡ? ನಿನ್ನನ್ನ ಕಳ್ಳ ಸುಣ್ಣದವನು ಅಂದ್ಲು ನಮ್ಮಮ್ಮ!"

"ಅನ್ಲಿ. ಇಷ್ಟು ವರ್ಷ ಬರೀ ನೀರು ಅಂದ್ಕೊಂಡು ಬಂದಿದ್ದಾಳೆ. ಓಣಿ ಹೆಂಗಸರ ಮುಂದೆ ಅವಳ ಮುಖ ಇಳಿದ್ರೆ ನಾನು ಏನು ಮೆತ್ತಿ ಸರಿಮಾಡ್ಲಿ? ಅದಕ್ಕೆ ಸುಣ್ಣ ಇಲ್ಲ ಸುಕೈನಾ."

"ಹಾಗಾದ್ರೆ ನಾನು ಸಫೀಗೆ ಹೋಗಿ ಫ್ರಿಜ್ಜು ಒರೆಸ್ಲಾ?"

ಇದ್ದರ್ ತಲೆ ತಗ್ಗಿಸಿ ಉಗುರಿನ ಸುಣ್ಣ ಕೆರೆಯತೊಡಗಿದ. ಈ ಹುಡುಗ ಸೋಲುವುದಕ್ಕೂ ತಯಾರಾಗಿದ್ದಾನೆ ಅಂತ ನನಗೆ ಆಗ ಅರ್ಥವಾಯಿತು. ಅವನ ಕೆನ್ನೆಗೆರಡು ಬಾರಿಸಿ ಮುದ್ದಿಡಬೇಕು ಅನ್ನಿಸಿತು.

ಕೊನೆಗೆ ಸುಕೈನಾ ಒಂದು ನಡುದಾರಿ ಹುಡುಕಿದಳು. ಗುರುವಾರ ಬಟ್ಟೆ ಬಿಚ್ಚುವ ಕೋಣೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿ, ಉದುರಿದ ಗಾರೆಯ ಚೂರೊಂದನ್ನು ಬಟ್ಟಲಲ್ಲಿಟ್ಟು ನಿಂಬೆ ಹಿಂಡಿದಳು. ನೊರೆ ಬಂತು. ಹೆಂಗಸರು ಬಾಯಿಯ ಮೇಲೆ ಕೈಯಿಟ್ಟರು.

"ಹುಳಿಗೂ ಸುಣ್ಣಕ್ಕೂ ಅತ್ತೆ ಸೊಸೆ ಸಂಬಂಧ" ಅಂದಳು ಸುಕೈನಾ. "ಒಂದೇ ಕಡೆ ಕೂರಿಸಿದ್ರೆ ಎರಡೂ ಉಳಿಯಲ್ಲ. ಇದ್ದರ್ ಇನ್ನೊಂದ್ಸಲ ಪೂರ್ತಿ ತೇಪೆ ಹಾಕ್ತಾನೆ. ಶಾಬಾನ್ ಮುಗಿಯೋವರೆಗೆ ನಿಂಬೆಹಣ್ಣು ಮನೆಯಲ್ಲೇ ಇಟ್ಟು ಬನ್ನಿ. ನನ್ನ ಸಲುವಾಗಿ."

"ನಿನ್ನ ಸಲುವಾಗೋ, ಆ ಬೆಟ್ಟದ ಹುಡುಗನ ಸಲುವಾಗೋ?" ಅಂತ ಇತ್ತೋ ಕಣ್ಣು ಮಿಟುಕಿಸಿದಳು. ಎಲ್ಲರೂ ಗೊಳ್ಳೆಂದರು, ಎಲ್ಲರೂ ಒಪ್ಪಿದರು. ಬತೂಲ್ ಮಾತ್ರ ಹುಳಿ ಅನ್ನುವ ಮಾತು ಬಂದಾಗಲೆಲ್ಲ ಜಡೆ ಮುಟ್ಟಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಗಳು ಕೊಟ್ಟ ಸುಳಿವು ಸಾಕು, ಇನ್ನು ತಾನಾಗೇ ನಿಲ್ಲಿಸುತ್ತಾಳೆ ಅಂದುಕೊಂಡೆವು.

ಎಲ್ಲಿ ನಿಲ್ಲಿಸುತ್ತಾಳೆ! ತೇಪೆ ಆರಿದ ಮೇಲಿನ ಮೊದಲ ಗುರುವಾರವೇ ಬಾಟಲಿ ಹಿಡಿದು ಮೂಲೆಗೆ ಬಂದು ಒರಗಿದಳು.

"ಲಲ್ಲಾ, ಇವತ್ತು ನಡುಮಧ್ಯೆ ಕೂತ್ಕೋ. ಅಲ್ಲಿ ನೆಲ ಬೆಚ್ಚಗಿದೆ."

"ನಡುಮಧ್ಯೆ ಕೂರೋಕೆ ನಾನೇನು ಮದುಮಗಳಾ? ಸುರಿಯೇ."

"ಲಲ್ಲಾ, ಅದು ಹುಳಿ ಅಲ್ವೇನೇ..."

"ನಿಂಬೆಹಣ್ಣು ಅಂದ್ಲು ನನ್ನ ಮಗಳು. ಇದು ಕಿತ್ತಳೆ. ಸುರಿ!"

ಅದರ ಮುಂದಿನ ಗುರುವಾರ ಬಾಟಲಿಯ ವಿನೆಗರ್ ಚೆಲ್ಲಿ ಬರೀ ನೀರು ತುಂಬಿಸಿಟ್ಟೆ. ಒಂದು ಹನಿ ಬಿದ್ದದ್ದೇ ತಡ, "ಖದ್ದೂಜ್! ನನಗೇ ನೀರು ಕುಡಿಸ್ತೀಯಾ?" ಅಂತ ಗುಡುಗಿದಳು. ಚೀಲದಿಂದ ಇನ್ನೊಂದು ಬಾಟಲಿ ಹೊರಬಂತು. ಮೇಲಿಂದ ಕೆಳಗೆ ಸುರಿಸಿಕೊಂಡಳು. ಗೋಡೆ ಸುಂಯ್ ಅಂದದ್ದು ನನಗೊಬ್ಬಳಿಗೇ ಕೇಳಿಸಿತು. ಅಳು ಬಂತು. ಹಬೆಯಲ್ಲಿ ಯಾರಿಗೂ ಕಾಣಲಿಲ್ಲ.

ಶಾಬಾನಿನ ಕೊನೆಯ ಗುರುವಾರ ಬಂತು. ರಮದಾನಿಗೆ ಮುಂಚಿನ ಸ್ನಾನ ಅಂತ ಹಮ್ಮಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಅದಕ್ಕಿಂತ ಹೆಚ್ಚಾಗಿ ತೀರ್ಪು ಕೇಳಲು ಬಂದವರೇ ಬಹಳ. ಗೋಡೆಗೆ ಗೋಡೆಯೇ ಕನ್ನಡಿ. ಒಂದು ಕಲೆಯಿಲ್ಲ, ಒಂದು ಗುಳಿಯಿಲ್ಲ. ತೊಟ್ಟಿ ಪಕ್ಕದ ಒಂದೇ ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಒರಗಿ ಕೂತಷ್ಟು ಅಗಲಕ್ಕೆ ಗೋಡೆ ಬೆಳ್ಳಗೆ ಸವೆದಿತ್ತು. ಬೆನ್ನಿನ ಅಚ್ಚು, ಭುಜದ ಅಚ್ಚು. ಜಡೆ ಇಳಿಬೀಳುವ ಜಾಗದಲ್ಲಂತೂ ಬೆರಳು ಹೋಗುವಷ್ಟು ಗುಳಿ.

ಬತೂಲ್ ಒಳಗೆ ಬಂದಳು. ಹೆಂಗಸರು ಬಿಂದಿಗೆ ಕೆಳಗಿಟ್ಟರು. ಬತೂಲ್ ಒಂದು ಸುತ್ತು ಗೋಡೆ ನೋಡಿದಳು. ತನ್ನ ಮೂಲೆಯ ಮುಂದೆ ನಿಂತಳು. ಈಗ "ಸುಣ್ಣ ಕಳ್ಳಸುಣ್ಣ" ಅಂದರೆ ಉಳಿದ ಗೋಡೆ ನಗುತ್ತದೆ. ಅಲ್ಲ ಅಂದರೆ ಬಾಟಲಿ ನಗುತ್ತದೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಕೈನಾ ತಲೆ ತಗ್ಗಿಸಿ ತೊಟ್ಟಿಯ ಅಂಚನ್ನು ಹಿಡಿದುಕೊಂಡಿದ್ದಳು.

"ನಿನಗೆ ಗೊತ್ತಿತ್ತಾ?" ಬತೂಲ್ ಮಗಳನ್ನು ಕೇಳಿದಳು, ಮೆಲ್ಲಗೆ.

"ಗೊತ್ತಿತ್ತು ಅಮ್ಮ."

"ಆ ಹುಡುಗನಿಗೆ?"

"ಅವನಿಗೂ ಗೊತ್ತು."

"ಯಾವಾಗಿಂದ?"

"ಎರಡನೇ ತೇಪೆಗಿಂತ ಮುಂಚೆ."

"ಗೊತ್ತಿದ್ದೂ ಮತ್ತೆ ತೇಪೆ ಹಾಕಿದ್ನಾ? ನಾನು ಮತ್ತೆ ಕೆಡಿಸ್ತೀನಿ ಅಂತ ಗೊತ್ತಿದ್ದೂ?"

ನನಗೆ ತಡೆಯಲಾಗಲಿಲ್ಲ. "ಹೌದು ಲಲ್ಲಾ! ಇವಳು ಎಲ್ಲರೆದುರು ಹೇಳಿಬಿಡ್ತೀನಿ ಅಂದ್ರೆ ಅವನು ಬೇಡ ಅಂದ. ಗೋಡೆ ಮೆತ್ತೋಕೆ ಸುಣ್ಣ ಇದೆ, ಅವಳ ಮುಖ ಇಳಿದ್ರೆ ಮೆತ್ತೋಕೆ ಏನೂ ಇಲ್ಲ ಅಂದ. ಹುಡುಗಿ ಕೈತಪ್ಪಿದ್ರೂ ಸರಿ ಅಂತ ಬಾಯಿ ಹೊಲ್ಕೊಂಡ. ನೀನು ಅವನ ಉಗುರು ನೋಡ್ತಾ ಕೂತಿದ್ದೆ!"

ಆಮೇಲೆ ಆ ಹೆಂಗಸು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕಂಕುಳಿನ ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ವಿನೆಗರ್ ಕಣ್ರೇ ಇದು! ಪನ್ನೀರಲ್ಲ! ಕಿತ್ತಳೆ ವಿನೆಗರ್! ದೇವರು ಕೊಟ್ಟಿದ್ದಲ್ಲ, ನಾನೇ ಜಾಡಿಯಲ್ಲಿ ಕೊಳೆಸಿದ್ದು! ನನ್ನ ಗೋಡೆಯನ್ನ ನಾನೇ ತಿಂದೆ, ಆ ಹುಡುಗನ ಸುಣ್ಣಕ್ಕೆ ಹೆಸರಿಟ್ಟೆ. ಈಗ ನಗೋರು ನಕ್ಕುಬಿಡಿ, ನೋಡೋಣ!"

ಹಬೆಯೊಳಗಿಂದ ಇತ್ತೋಳ ದನಿ ಬಂತು: "ನಗೋದೇನು ಲಲ್ಲಾ? ಗುರುವಾರ ಗುರುವಾರ ನೀನು ಓಣಿಯಲ್ಲಿ ಬಂದ್ರೆ ಉಪ್ಪಿನಕಾಯಿ ಗಾಡಿ ಬಂದ ಹಾಗಿರತ್ತೆ. ನಮಗೆಲ್ಲ ಗೊತ್ತಿರೋದೇ."

"ಗೊತ್ತಿತ್ತಾ? ಎಲ್ರಿಗೂ?"

"ನಮ್ಮನೇಲೂ ಒಂದು ಜಾಡಿ ಇಟ್ಟಿದೀನಿ" ಅಂತ ಇನ್ನೊಂದು ಮೂಲೆಯಿಂದ ಯಾರೋ ಕೂಗಿದರು. "ನಿನ್ನಷ್ಟು ಹೊಳಪು ಬರ್ತಿಲ್ಲ, ಏನು ಬೆರೆಸ್ತೀಯಾ ಅದನ್ನಾದ್ರೂ ಹೇಳು!"

ನಗು ಹತ್ತಿತು ನೋಡಿ, ಗುಮ್ಮಟ ಹಾರಿಹೋಗುವಂಥ ನಗು. ಬತೂಲ್ ಬಿಂದಿಗೆಯ ಮೇಲೆ ಕುಸಿದು ಕೂತು, ಸೆರಗಿಲ್ಲದ್ದಕ್ಕೆ ಕೂದಲಿನಲ್ಲೇ ಮುಖ ಮುಚ್ಚಿಕೊಂಡು ತಾನೂ ನಕ್ಕಳು. ನಗುತ್ತಲೇ ಅತ್ತಳು. ಸುಕೈನಾ ಓಡಿಬಂದು ತಾಯಿಯ ಕತ್ತು ತಬ್ಬಿದಳು.

"ಬಿಡೇ, ಉಸಿರು ಕಟ್ಟತ್ತೆ" ಅಂದಳು ಬತೂಲ್. "ಆ ಮೌನಿಬಾಬಾನ ತಾಯಿಗೆ ಹೇಳಿ ಕಳಿಸು, ನಾಳೆ ಜುಮ್ಮಾ ನಮಾಜ್ ಆದ್ಮೇಲೆ ಸಕ್ಕರೆಗಟ್ಟಿ, ಹಾಲು, ಖರ್ಜೂರ ತಗೊಂಡು ಬರ್ಲಿ. ಫಾತಿಹಾ ಓದಿಸೋಣ. ಮತ್ತೆ ಅವನಿಗೆ ಹೇಳು, ಮೂಲೆಗೆ ತೇಪೆ ಬೇಡ."

"ಯಾಕಮ್ಮ?"

"ಇರಲಿ ಹಾಗೇ. ಇನ್ಮೇಲೆ ಯಾವ ಗುರುವಾರವಾದ್ರೂ ಅಳಿಯನ ಮೇಲೆ ನಾನು ಬಾಯಿ ಮಾಡಿದ್ರೆ, ನನ್ನನ್ನ ಕರ್ಕೊಂಡು ಬಂದು ಇದರ ಮುಂದೆ ಕೂರಿಸು."

ಅಂದವಳೇ ತಲೆಯೆತ್ತಿ, ನಾಲಿಗೆ ಹೊರಳಿಸಿ, ಮಗಳ ನಿಶ್ಚಯದ ಉಲುಲು ಅನ್ನುವ ಸಂಭ್ರಮದ ಕೂಗನ್ನು ತಾನೇ ಮೊದಲು ಹಾಕಿದಳು. ಅದು ಗೋಡೆಯಿಂದ ಗೋಡೆಗೆ ಬಡಿದು ಆಚೆ ಗಂಡಸರ ಕೋಣೆಯವರೆಗೂ ಹೋಯಿತು. ನಾವೆಲ್ಲ ದನಿ ಸೇರಿಸಿದೆವು.